ಬಂಡೆಯಜ್ಜನಿಗೆ ಫುಲ್ ಅಟೆಂಡೆನ್ಸ್

2020ರಲ್ಲಿ ಕೊರೊನಾ ಬಂದು ಕಾಲೇಜುಗಳ ಬಾಗಿಲು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂತು. ಸಿಗ್ನಲ್ ಮಾತ್ರ ಊರಿಗಿಳಿಯದೆ ಗುಡ್ಡದ ಮೇಲೇ ಉಳಿಯಿತು. ಆಗ ಪುಕ್ಕಟೆಯಾಗಿ ತರಗತಿ ಕೋಣೆಯ ಕೆಲಸ ಮಾಡಿದ, ಹಂಪಿ–ಕಂಪ್ಲಿ ನಡುವಿನ ಹಿರಿಯ ಬಂಡೆಯೊಂದು ಉನ್ನತ ಶಿಕ್ಷಣದ ಬಗ್ಗೆ ಕೊನೆಗೂ ಬಾಯಿ ಬಿಟ್ಟಿದೆ.

ಪ್ರಶ್ನೆ: ಅಜ್ಜಾ, ನಿಮ್ಮ ಅರ್ಹತೆ, ಅನುಭವ?

ಬಂಡೆ: ಅನುಭವ ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ನಮ್ಮ ಮನೆತನಕ್ಕ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರ. ಕ್ಲೋಸ್‌ಪೇಟೆ ಅಂದ್ರ ಈಗಿನ ರಾಮನಗರ; ದಾಯಾದಿಗಳು ಅಲ್ಲೀತನಕ ಅದಾರ. ಇಷ್ಟಿದ್ರೂ ಅತಿಥಿ ಉಪನ್ಯಾಸಕನಾಗಿ ಸೈತ ತಗೊಳ್ಳಲಿಲ್ಲ. ನೆಟ್ ನನ್ನ ತಲಿ ಮ್ಯಾಲೇ ಇತ್ತು, ನೆಟ್ ಪರೀಕ್ಷೆ ಪಾಸಾಗಿರಲಿಲ್ಲ ಅಷ್ಟ.

ಪ್ರಶ್ನೆ: ಪಾಠ ಹೇಗೆ ನಡೆಯುತ್ತಿತ್ತು?

ಬಂಡೆ: ಒಂದಿನ ಭೂಗೋಳ. ಹೊಸಪ್ಯಾಟಿಯ ಮನಿಯೊಳಗ ಕುಂತ ಮೇಷ್ಟ್ರು, ‘ಇದು ಗ್ರಾನೈಟ್ ಶಿಲೆ, ಸರಿಯಾಗಿ ನೋಡ್ರಿ’ ಅಂದ್ರು. ಫೋನಿನಾಗ ಚಕ್ರ ಗರಗರ ತಿರುಗಾಕ ಹತ್ತಿತು. ಹುಡುಗ ಕಲ್ಲಿನ ಮ್ಯಾಲೆ ಕುಂತು ಕಲ್ಲಿನ ಚಿತ್ರಕ್ಕ ಕಾದ. ನಾನೇ ಕೆಳಗಿನಿಂದ ಬಿಸಿ ಮುಟ್ಟಿಸಿದೆ. ಟವೆಲ್ ಮಡಚಿ ಹಾಸ್ಕೊಂಡ್ನೇ ಹೊರತು ಕೆಳಗ ನೋಡಲಿಲ್ಲ.

ಪ್ರಶ್ನೆ: ಮೇಷ್ಟ್ರ ಪಾಡು?

ಬಂಡೆ: ಅವರದ್ದೂ ತಪ್ಪಲ್ಲಪ್ಪ. ಪರದೆ ತುಂಬ ಹೆಸರು, ಮುಖ ಒಂದೂ ಇಲ್ಲ. ತರಗತಿಯಾಗ ಆದ್ರ ಕೊನೇ ಬೆಂಚಿನವ ಹುಬ್ಬು ಗಂಟಿಕ್ಕಿದ್ರ ಸಾಕು, ಪಾಠ ತಲಿಗೆ ಹೋಗಿಲ್ಲ ಅಂತ ಇನ್ನೊಮ್ಮೆ ಹೇಳ್ತಿದ್ರು. ಇಲ್ಲಿ ಹುಡುಗ ಫೋನು ನನ್ನ ಮ್ಯಾಲಿಟ್ಟು ಎಮ್ಮಿ ಹೊಡಕೊಂಡು ಬರಾಕ ಹೋಗ್ಯಾನ. ಹಾಜರಾತಿ ಅವಂಗ, ಪಾಠ ನನಗ. ‘ಎಲ್ಲಾರಿಗೂ ತಿಳೀತಾ?’ ಅಂತ ಮೇಷ್ಟ್ರು ಕೇಳಿದ್ರು. ನನಗ ತಿಳಿದಿತ್ತು, ಮ್ಯೂಟ್ ತೆಗೆಯಾಕ ಕೈ ಇಲ್ಲ.

ಪ್ರಶ್ನೆ: ಸರ್ಕಾರ 2021ರಲ್ಲಿ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಮುಂದಾಯಿತಲ್ಲ?

ಬಂಡೆ: ಒಳ್ಳೇ ಕೆಲಸ. ಮೊದಲನೇ ಲಾಕ್‌ಡೌನಿಗೆ ಬೇಕಾಗಿದ್ದು ಎರಡನೇದಕ್ಕ ಬಂತು, ಬರಲೇ ಇಲ್ಲ ಅನ್ನಂಗಿಲ್ಲ. ಆದ್ರ ಸಂಡೂರಿನ ಗುಡ್ಡದ ಮರೆಯ ಊರಿಗೆ ಟ್ಯಾಬ್ ಮುಟ್ಟಿದ್ರೇನು, ಸಿಗ್ನಲ್ ಮುಟ್ಟಬೇಕಲ್ಲ? ಆ ಗುಡ್ಡದಿಂದ ಅದಿರು ಲಾರಿಗಟ್ಟಲೆ ಹೊರಗ ಹೋಗ್ತೈತಿ. ಒಂದು ಪಾಠ ಒಳಗ ಬರಾಕ ದಾರಿಯಿಲ್ಲ.

ಪ್ರಶ್ನೆ: ಹಾಗಾದರೆ ಆನ್‌ಲೈನ್ ಬೇಡವೇ? ಯುಜಿಸಿಯ 2021ರ ನಿಯಮದಂತೆ ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ‘ಸ್ವಯಂ’ ಆನ್‌ಲೈನ್ ವೇದಿಕೆಯ ಮೂಲಕ ಓದಬಹುದು.

ಬಂಡೆ: ಬ್ಯಾಡ ಅಂದವರ‍್ಯಾರು? ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದ ಹುಡುಗಿ ಕುಂತಲ್ಲೇ ಐಐಟಿ ಮೇಷ್ಟ್ರ ಪಾಠ ಕೇಳಬಹುದು. ತಿಳೀಲಿಲ್ಲ ಅಂದ್ರ ನಿಲ್ಲಿಸಿ ಮತ್ತೊಮ್ಮೆ ಕೇಳಬಹುದು. ಕರಿಹಲಗಿಗೆ ಈ ಸವಲತ್ತಿಲ್ಲ. ಆದ್ರ ಇಂಗ್ಲಿಷಿನಾಗ ಹೇಳಿದ್ದನ್ನ ಕನ್ನಡದಾಗ ಬಿಡಿಸಿ ಹೇಳಾಕ, ‘ಸರ್, ಇದು ಹೆಂಗ?’ ಅಂದ್ರ ಉತ್ತರ ಕೊಡಾಕ ಎದುರಿಗೊಬ್ಬರು ಮೇಷ್ಟ್ರು ಬೇಕಲ್ಲ? ಶೇ 40ರ ಲೆಕ್ಕ ತೋರಿಸಿ ಆ ಮೇಷ್ಟ್ರ ಹುದ್ದೇನ ಖಾಲಿ ಬಿಟ್ರ, ಉಳಿಯೂದು ವಿಡಿಯೊ ಒಂದ. ಪಕ್ಕದಾಗ 1991ರಿಂದ ಕನ್ನಡ ವಿಶ್ವವಿದ್ಯಾಲಯ ಐತಿ. ಎಲ್ಲಾ ವಿಷಯದ ಪಾಠಾನೂ ಕನ್ನಡಕ್ಕ ತರೂ ಕೆಲಸಕ್ಕ ಅಲ್ಲಿಯವರಿಗೆ ರೊಕ್ಕ ಕೊಡ್ರಿ.

ಪ್ರಶ್ನೆ: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದರೆ ಏನು ತೋರಿಸುತ್ತೀರಿ?

ಬಂಡೆ: ಬಯಲು ಗಾಳಿ, ಹಗಲು ಬೆಳಕು. ಶೌಚಾಲಯ ಕೇಳಬ್ಯಾಡ್ರಿ. ಹೆಣ್ಮಕ್ಕಳು ಈ ಗುಡ್ಡ ಯಾಕ ಹತ್ತಲಿಲ್ಲ ಅಂತ ಆಗ ಒಬ್ಬರೂ ಕೇಳಲಿಲ್ಲ.

ಪ್ರಶ್ನೆ: ಕೊನೆಯದಾಗಿ, ಅಧ್ಯಾಪಕರಿಗೆ ಒಂದು ಕಿವಿಮಾತು?

ಬಂಡೆ: ನೋಟ್ಸ್ ಬರೆಸೂದನ್ನ ಫೋನಿಗೆ ಬಿಡ್ರಿ; ಕೇಳೂದು, ವಾದ ಮಾಡೂದು, ತಿದ್ದೂದು ತರಗತಿಯಾಗ ಇರಲಿ. ಎಷ್ಟು ಮಂದಿ ಲಾಗಿನ್ ಆದ್ರು ಅಂತ ಎಣಿಸೂದು ಬಿಟ್ಟು ಎಷ್ಟು ಪ್ರಶ್ನೆ ಬಂದ್ವು ಅಂತ ಬರ್ಕೊಳ್ರಿ. ಒಂದೂ ಪ್ರಶ್ನೆ ಏಳದ ತರಗತಿ ಆನ್‌ಲೈನ್ ಇರಲಿ, ಆಫ್‌ಲೈನ್ ಇರಲಿ, ಅಲ್ಲಿ ಕುಂತವರು ನಮ್ಮ ಮನೆತನದವರೇ.