ಹಿಂದಕ್ಕೆ ಎಸೆ, ಮುಂದಕ್ಕೆ ಓಡು

ತಾಂಡ್ಯದಲ್ಲಿ ಯಾರೂ ರಗ್ಬಿ ಆಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರಾದರೂ ಬಸ್ಸಿಳಿದು ಮೈದಾನ ಎಲ್ಲಿ ಅಂತ ಕೇಳಬಾರದು. ನಂಜನಗೂಡಿಗೂ ಮೈಸೂರಿಗೂ ನಡುವಿನ ಈ ಕಡೆ ಹುಡುಗರು ಆಡುವುದು ಕ್ರಿಕೆಟ್ಟು, ವಾಲಿಬಾಲು, ಹಬ್ಬ ಬಂದರೆ ಕಬಡ್ಡಿ. ದೊಡ್ಡವರು ಆಡುವುದು ಇಸ್ಪೀಟು ಮತ್ತು ರಾಜಕೀಯ. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುವವರಿಗಂತೂ ಮೂರು ಶಿಫ್ಟುಗಳ ನಡುವೆ ನಿದ್ದೆ ಮಾಡುವುದೇ ಒಂದು ಆಟ. ಅದರಲ್ಲಿ ಗೆದ್ದವರು ಕಡಿಮೆ.

ಇಂಥ ಜಾಗದಲ್ಲಿ ಕೂತು 2025ರ ಜೂನ್ ತಿಂಗಳ ಎರಡು ವಾರ ನಾನು ರಗ್ಬಿ ಅಭಿಮಾನಿಯಾಗಿದ್ದೆ. ಸುಮ್ಮನೆ ಅಭಿಮಾನಿಯಲ್ಲ, ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡದ ಕಟ್ಟಾ ಅಭಿಮಾನಿ. ಹಾಗೊಂದು ತಂಡ ಇದೆ ಕಣಯ್ಯ ಎಂದು ಬೆಂಗಳೂರಿನಲ್ಲೇ ಇರುವ ನನ್ನ ಭಾವಮೈದನಿಗೆ ಫೋನು ಮಾಡಿ ಹೇಳಿದರೆ ಅವನು, "ಯಾವ್ ಏರಿಯಾದಲ್ಲಿದೆ ಭಾವ ಆ ಜಿಮ್ಮು?" ಎಂದ.

ಕಾರಣ ಕಾರ್ಖಾನೆ ಗೇಟಿನ ಎದುರಿನ ಟೀ ಅಂಗಡಿ. ಅಲ್ಲಿ ಸಂಜೆ ಹೊತ್ತು ಒಡಿಶಾದ ಹುಡುಗನೊಬ್ಬ ನೀಲಿ ಯೂನಿಫಾರ್ಮಿನಲ್ಲೇ ಬಂದು, ಬನ್ನು ತುಂಬಿದ ಗಾಜಿನ ಡಬ್ಬಕ್ಕೆ ಮೊಬೈಲು ಒರಗಿಸಿ ಏನನ್ನೋ ನೋಡುತ್ತಿದ್ದ. ಕ್ರಿಕೆಟ್ ಇರಬೇಕು ಅಂದುಕೊಂಡು ಸ್ಕೋರು ಕೇಳಿದೆ. ಪರದೆಯ ಮೇಲೆ ನೋಡಿದರೆ ದಪ್ಪ ತೊಡೆಯ ಗಂಡಸರು ಮಳೆಗೆ ನೆನೆದ ಹುಲ್ಲಿನ ಮೇಲೆ ಒಬ್ಬರ ಸೊಂಟ ಒಬ್ಬರು ಹಿಡಿದು ಬೀಳುತ್ತಿದ್ದಾರೆ. "ಕಳಿಂಗ ಬ್ಲಾಕ್ ಟೈಗರ್ಸ್. ನಮ್ದು ಊರು ಟೀಮ್ ಅಣ್ಣ" ಎಂದ. ಅವನ ಊರಿಗೊಂದು ತಂಡ ಇದೆ ಅಂದರೆ ನಮ್ಮದೂ ಒಂದು ಇರಲೇಬೇಕಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಇತ್ತು. ಅಲ್ಲಿಂದ ಶುರು ನನ್ನ ಅಭಿಮಾನ. ಜಗತ್ತಿನ ಬಹಳಷ್ಟು ಕ್ರೀಡಾಭಿಮಾನಕ್ಕೆ ಮೂಲ ಇಂಥ ಹೊಟ್ಟೆಕಿಚ್ಚೇ ಇರಬೇಕು.

ನಡೆಯುತ್ತಿದ್ದದ್ದು ರಗ್ಬಿ ಪ್ರೀಮಿಯರ್ ಲೀಗಿನ ಮೊದಲ ಋತು. ಆಟ ಸೆವೆನ್ಸ್, ಅಂದರೆ ಒಂದು ಕಡೆಗೆ ಏಳೇ ಜನ ಮೈದಾನಕ್ಕಿಳಿಯುವ ರಗ್ಬಿ. ಆರು ತಂಡ, ಮೂವತ್ತನಾಲ್ಕು ಪಂದ್ಯ, ಜೂನ್ 15ರಿಂದ 29ರವರೆಗೆ. ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕಳಿಂಗ, ಮುಂಬೈ ಎಂದು ಹೆಸರು ಆರಾದರೂ ಆಟವೆಲ್ಲ ಮುಂಬೈಯ ಅಂಧೇರಿಯ ಒಂದೇ ಮೈದಾನದಲ್ಲಿ. ಒಂದೊಂದು ತಂಡದಲ್ಲಿ ಹದಿಮೂರು ಜನ: ಐವರು ಫಿಜಿ, ನ್ಯೂಜಿಲೆಂಡ್ ಥರದ ದೇಶಗಳ ಘಟಾನುಘಟಿಗಳು, ಐವರು ಭಾರತದವರು, ಇವರಿಬ್ಬರ ನಡುವೆ ಸೇತುವೆ ಇದ್ದ ಹಾಗೆ ಸಣ್ಣ ರಗ್ಬಿ ದೇಶಗಳ ಮೂವರು. ನಮ್ಮ ಬೆಂಗಳೂರು ತಂಡಕ್ಕೆ ಕೋಚು ಸ್ಪೇನ್ ದೇಶದವರು. ಒಟ್ಟಿನಲ್ಲಿ ಆ ತಂಡ ಬೆಂಗಳೂರಿನದು ಅನ್ನುವುದಕ್ಕೆ ಅಂಗಿಯ ಮೇಲಿನ ಹೆಸರೊಂದೇ ಸಾಕ್ಷಿ. ನನಗೇನೂ ತಕರಾರಿಲ್ಲ. ತಾಂಡ್ಯದಿಂದ ನೋಡುವವನಿಗೆ ಅಂಧೇರಿಯೂ ದೂರ, ಬೆಂಗಳೂರಿನ ಕಂಠೀರವ ಕ್ರೀಡಾಂಗಣವೂ ದೂರ.

ಆಟ ಅರ್ಥ ಮಾಡಿಕೊಳ್ಳುವುದಕ್ಕೆ ನಮಗೆ ಎರಡು ಸಂಜೆ ಹಿಡಿಯಿತು. ಚೆಂಡು ಕೋಳಿಮೊಟ್ಟೆಯ ಆಕಾರದ್ದು, ಎತ್ತ ಪುಟಿಯುತ್ತದೆ ಅಂತ ಅದಕ್ಕೇ ಗೊತ್ತಿಲ್ಲ. ಅದನ್ನು ಎದುರಾಳಿಯ ಗೆರೆಯಾಚೆ ಹೊತ್ತುಕೊಂಡು ಹೋಗಿ ನೆಲಕ್ಕೆ ಮುಟ್ಟಿಸಿದರೆ ಐದು ಅಂಕ. ಆಮೇಲೆ ಚೆಂಡನ್ನು ಕೈಬಿಟ್ಟು, ನೆಲಕ್ಕೆ ತಾಗಿ ಏಳುವಾಗ ಒದ್ದು ಕಂಬಗಳ ನಡುವೆ ತೂರಿಸಿದರೆ ಇನ್ನೆರಡು. ಇಷ್ಟು ಸಲೀಸು. ಕಷ್ಟ ಇರುವುದು ಒಂದೇ ನಿಯಮದಲ್ಲಿ: ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಜೊತೆಗಾರನಿಗೆ ಕೊಡುವುದಾದರೆ ಪಕ್ಕಕ್ಕೆ ಇಲ್ಲವೇ ಹಿಂದಕ್ಕೇ ಎಸೆಯಬೇಕು.

ಟೀ ಅಂಗಡಿಯ ಅಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ. ಸೋಸುವ ಬಟ್ಟೆ ಹಿಂಡುತ್ತಲೇ, "ಅಲ್ಲ ಸಾ, ಹಿಂದಕ್ಕ ಎಸೀತಾ ಎಸೀತಾ ಮುಂದಕ್ಕ ಹೋಗದು ಅಂದ್ರ ಹ್ಯಾಗ? ಆ ಲೆಕ್ಕದಾಗ ಇಂವ್ರು ಮೈಸೂರ್ಗ ಹೋಗದಾದ್ರ ಚಾಮ್ರಾಜ್‌ನಗರ್ದ್ ರೈಲ್ ಹತ್ತಬೇಕು" ಎಂದ. ಒಡಿಶಾದ ಹುಡುಗ ಎರಡು ಬನ್ನು, ಒಂದು ಲೋಟ ಇಟ್ಟುಕೊಂಡು ಮೇಜಿನ ಮೇಲೆ ತೋರಿಸಿದ. ಲೋಟ ಹಿಡಿದ ಬನ್ನು ಮುಂದಕ್ಕೆ ಓಡುತ್ತದೆ. ಎದುರಾಳಿ ಬಂದು ಸೊಂಟ ಹಿಡಿಯುವ ಹೊತ್ತಿಗೆ ಹಿಂದಿನ ಬನ್ನಿಗೆ ಲೋಟ ದಾಟಿಸುತ್ತದೆ. ಆ ಬನ್ನು ಅದೇ ವೇಗದಲ್ಲಿ ಬಿದ್ದವನನ್ನು ದಾಟಿ ಮುಂದೆ ಹೋಗುತ್ತದೆ. ಚೆಂಡು ಒಂದು ಮಾರು ಹಿಂದೆ ಬಂದರೆ ತಂಡ ಹತ್ತು ಮಾರು ಮುಂದೆ. ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, ಆ ಬನ್ನುಗಳನ್ನು ಇನ್ನು ಯಾರಿಗೂ ಮಾರುವ ಹಾಗಿಲ್ಲ ಎಂದು ಇಬ್ಬರ ಲೆಕ್ಕಕ್ಕೂ ಒಂದೊಂದು ಬರೆದುಕೊಂಡ.

ಈ ವಿದ್ಯೆಯಲ್ಲಿ ನಾವು ಮೈಸೂರು ಸೀಮೆಯವರು ಹಿಂದುಳಿದವರು, ಒಡಿಶಾ–ಬಿಹಾರದವರು ಮುಂದುವರಿದವರು. ಭುವನೇಶ್ವರದ ಕಳಿಂಗ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಓದುವ ಆದಿವಾಸಿ ಹುಡುಗರು 2007ರಲ್ಲೇ ಲಂಡನ್ನಿಗೆ ಹೋಗಿ ಹದಿನಾಲ್ಕು ವರ್ಷದೊಳಗಿನವರ ಶಾಲಾ ರಗ್ಬಿ ಪಂದ್ಯಾವಳಿ ಗೆದ್ದು ಬಂದಿದ್ದರು. ಬಿಹಾರದ ರಾಜ್‌ಗೀರ್‌ನಲ್ಲಿ 2025ರ ಆಗಸ್ಟಿನಲ್ಲಿ ಏಷ್ಯಾದ ಇಪ್ಪತ್ತು ವರ್ಷದೊಳಗಿನವರ ಸೆವೆನ್ಸ್ ನಡೆದು, ಭಾರತದ ಹುಡುಗಿಯರು ಕಂಚು ಗೆದ್ದರು. ಕೂಲಿಗೆಂದು ಇಲ್ಲಿಗೆ ಬಂದವರೆಂದು ನಾವು ಸಸಾರ ಮಾಡುವ ಹುಡುಗರ ಊರುಗಳಲ್ಲಿ ಫಿಜಿಯ ಆಟ ಬೆಳೆಯುತ್ತಿದೆ. ನಮಗೆ ಗೊತ್ತಿಲ್ಲ, ಅಷ್ಟೆ.

ಹಾಗಂತ ರಗ್ಬಿ ನಮ್ಮ ದೇಶಕ್ಕೆ ನಿನ್ನೆ ಬಂದದ್ದೂ ಅಲ್ಲ. ಕಲ್ಕತ್ತೆಯ ಬ್ರಿಟಿಷರು 1870ರ ದಶಕದಲ್ಲಿ ಒಂದು ಕ್ಲಬ್ಬು ಕಟ್ಟಿ, ಅದು ನಡೆಯದೆ ಮುಚ್ಚಿದಾಗ, ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಒಂದು ಬಟ್ಟಲು ಮಾಡಿಸಿದರು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡೂ ಸ್ಕಾಟ್ಲೆಂಡೂ 1879ರಿಂದ ಇವತ್ತಿನವರೆಗೆ ಆ ಬಟ್ಟಲಿಗಾಗಿ ಗುದ್ದಾಡುತ್ತಿವೆ. ಮುಚ್ಚಿದ ಸಂಘದ ಉಳಿಕೆ ಹಣಕ್ಕೆ ಇಷ್ಟು ಸರಿಯಾದ ಲೆಕ್ಕ ಕೊಟ್ಟ ಇನ್ನೊಂದು ಉದಾಹರಣೆ ನಮ್ಮ ತಾಲ್ಲೂಕಿನಲ್ಲಂತೂ ನಾನು ಕಂಡಿಲ್ಲ.

ದುಡ್ಡಿನ ತಾಪತ್ರಯವೇ ಸೆವೆನ್ಸ್ ಆಟಕ್ಕೂ ಮೂಲ. ಪೂರ್ತಿ ರಗ್ಬಿ ಅಂದರೆ ತಂಡಕ್ಕೆ ಹದಿನೈದು ಜನ, ಎಂಬತ್ತು ನಿಮಿಷ. ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಸಣ್ಣ ಊರಿನ ಕ್ಲಬ್ಬಿಗೆ 1883ರಲ್ಲಿ ಕಾಸಿಲ್ಲದೆ, ಒಂದು ಕ್ರೀಡಾಕೂಟ ಮಾಡಿ ಟಿಕೆಟಿನಿಂದ ಹಣ ಎತ್ತೋಣ ಎಂದು ಹೊರಟರು. ಅಷ್ಟೊಂದು ತಂಡಗಳನ್ನು ಒಂದೇ ಮಧ್ಯಾಹ್ನದಲ್ಲಿ ಆಡಿಸುವುದು ಹೇಗೆ? ನೆಡ್ ಹೇಗ್ ಎಂಬ ಕಸಾಯಿ, ಅವನೇ ಆಟಗಾರನೂ ಹೌದು, ತಂಡವನ್ನು ಏಳಕ್ಕೆ ಇಳಿಸಿ, ಸಮಯವನ್ನೂ ಕಡಿಮೆ ಮಾಡಿ ಎಂದ. ಕಡಿಯುವುದು ಅವನ ಕಸುಬು, ಸರಿಯಾಗಿ ಕಡಿದ. ಈಗ ಏಳೇಳು ನಿಮಿಷದ ಎರಡು ಭಾಗ. ಮುಂಬೈಯ ಲೀಗಿನಲ್ಲಿ ನಾಲ್ಕು ನಿಮಿಷದ ನಾಲ್ಕು ತುಂಡು. ಮೈದಾನ ಮಾತ್ರ ಮೊದಲಿನಷ್ಟೇ ದೊಡ್ಡದು. ಮೂವತ್ತು ಜನ ಓಡಾಡುವ ಹೊಲದಲ್ಲಿ ಹದಿನಾಲ್ಕೇ ಜನ ಬಿಟ್ಟರೆ ಏನಾಗಬೇಕೋ ಅದೇ ಆಗುತ್ತದೆ: ಒಬ್ಬ ಸಂದಿ ಸಿಕ್ಕಿ ನುಗ್ಗಿದ ಅಂದರೆ ಹಿಡಿಯುವವರೇ ಇರುವುದಿಲ್ಲ.

ನಮ್ಮ ಕಡೆ ಒಬ್ಬ ನೆಡ್ ಹೇಗ್ ಹುಟ್ಟಬೇಕಿತ್ತು, ಕುರುಕ್ಷೇತ್ರ ನಾಟಕಕ್ಕೆ. ನಂಜನಗೂಡು, ನರಸೀಪುರದ ಹಳ್ಳಿಗಳಲ್ಲಿ ಇವತ್ತಿಗೂ ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಕು ಹರಿದರೂ ಮುಗಿಯದ ಆಟ ಅದು. ಪಾತ್ರಧಾರಿಗಳೇ ದುಡ್ಡು ಕೊಟ್ಟು ಪಾತ್ರ ಕೊಳ್ಳುವುದರಿಂದ ಯಾರೂ ತಮ್ಮ ಹಾಡನ್ನು ಬಿಟ್ಟುಕೊಡುವುದಿಲ್ಲ. ನಮ್ಮ ಮಾವ ದುರ್ಯೋಧನನ ಪಾತ್ರ ಹಿಡಿದಿದ್ದರು, ಎಲ್ಲಕ್ಕಿಂತ ಹೆಚ್ಚಿನ ರೇಟು ಕೊಟ್ಟು. ಬೆಳಗಿನ ಜಾವ ಐದಕ್ಕೆ ಅವರ ತೊಡೆ ಮುರಿಯಬೇಕಾಗಿತ್ತು. ಆರಾಯಿತು. ಅವರು ವೈಶಂಪಾಯನ ಸರೋವರದ ದಂಡೆಯಲ್ಲಿ ನಿಂತು, ಹಾರ್ಮೋನಿಯಂ ಮೇಷ್ಟ್ರಿಗೆ ಕಣ್ಣು ಹೊಡೆದು ಹೊಡೆದು ಇನ್ನೊಂದು ಕಂದ, ಇನ್ನೊಂದು ಸೀಸ ಎಂದು ಎಳೆಯುತ್ತಲೇ ಇದ್ದರು. ಭೀಮನಿಗೆ ಡೇರಿಗೆ ಹಾಲು ಹಾಕುವ ಹೊತ್ತು ಮೀರಿತು. ಅವನು ಕರೆಯದೇ ರಂಗಕ್ಕೆ ನುಗ್ಗಿ, ಮಾತಿಲ್ಲದೆ, ಹಾಡಿಲ್ಲದೆ, ಗದೆಯಿಂದ ಒಂದೇ ಏಟು ಹಾಕಿ ಹೊರಟುಹೋದ. ಮಾವ ಆಮೇಲೂ ಇಪ್ಪತ್ತು ನಿಮಿಷ ಮುರಿದ ತೊಡೆಯಲ್ಲೇ ಹಾಡಿದರು. ಆ ಇಪ್ಪತ್ತು ನಿಮಿಷದಲ್ಲಿ ಅಂಧೇರಿಯಲ್ಲಿ ಒಂದು ಪಂದ್ಯವೇ ಮುಗಿದು, ಎರಡೂ ತಂಡ ಕೈಕುಲುಕಿ ಸ್ನಾನಕ್ಕೆ ಹೋಗಿರುತ್ತವೆ.

ಆ ಜೂನ್ ತಿಂಗಳು ಬೆಂಗಳೂರಿಗೆ ಆಟದ ಮಾತಾಡುವ ಮನಸ್ಸೂ ಇರಲಿಲ್ಲ. ನಾಲ್ಕನೇ ತಾರೀಖು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಬಂದ 11 ಜನ ಕಾಲ್ತುಳಿತದಲ್ಲಿ ತೀರಿಕೊಂಡಿದ್ದರು. ಹೀಗಾಗಿ ಬ್ರೇವ್‌ಹಾರ್ಟ್ಸ್‌ನ ಅಭಿಮಾನಿ ಬಳಗ ಅಂದರೆ ತಾಂಡ್ಯದ ಟೀ ಅಂಗಡಿಯಲ್ಲಿ ನಾನೊಬ್ಬನೇ. ನನ್ನ ತಂಡ ಫೈನಲ್ ಮುಟ್ಟಲಿಲ್ಲ, ಒಡಿಶಾದ ಹುಡುಗನದೂ ಮುಟ್ಟಲಿಲ್ಲ. ಫೈನಲ್‌ನಲ್ಲಿ ಚೆನ್ನೈ ಬುಲ್ಸ್ ತಂಡ ದೆಹಲಿ ರೆಡ್ಜ್ ಮೇಲೆ 41–0. ಚೆನ್ನೈ ಗೆದ್ದದ್ದು ಕೇಳಿ ಅಣ್ಣ, "ಅಲ್ಲೂ ನೀರು ಅವ್ರಿಗೇ ಹೋಯ್ತಾ?" ಎಂದ. ಕಬಿನಿ, ಕಾವೇರಿಗಳ ದಂಡೆಯಲ್ಲಿ ಬೆಳೆದವನ ಬಾಯಲ್ಲಿ ಬೇರೆ ಮಾತು ಬರುವುದು ಕಷ್ಟ.

ಫಿಜಿಯವರ ಆಟ ನೋಡಿದ ಮೇಲೆ ಆ ದೇಶದ ಬಗ್ಗೆ ಕುತೂಹಲ ಹುಟ್ಟಿತು. ಹತ್ತು ಲಕ್ಷವೂ ತುಂಬದ ಜನ. ಅಲ್ಲಿ ಕಬ್ಬು ಕಡಿಯಲು 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಕರಾರು ಬರೆಸಿಕೊಂಡು ಹಡಗು ಹತ್ತಿಸಿದ್ದರು, ಮದರಾಸಿನಿಂದಲೂ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸೆವೆನ್ಸ್ ಮೊದಲ ಸಲ ಸೇರಿದಾಗ ಫಿಜಿ ಫೈನಲ್‌ನಲ್ಲಿ ಬ್ರಿಟನ್ನನ್ನು 43–7ರಿಂದ ಸೋಲಿಸಿ ಚಿನ್ನ ಗೆದ್ದಿತು. ಒಂದು ಕಾಲದಲ್ಲಿ ತನ್ನನ್ನು ಆಳಿದವರನ್ನೇ! ಅದು ಆ ದೇಶದ ಮೊಟ್ಟಮೊದಲ ಒಲಿಂಪಿಕ್ ಪದಕ. ಖುಷಿಗೆ ಮರುವರ್ಷ ಏಳು ಡಾಲರಿನ ನೋಟು ಅಚ್ಚು ಹಾಕಿಸಿ, ಅದರ ಮೇಲೆ ಆಟಗಾರರ ಚಿತ್ರ ಇಟ್ಟರು. ಏಳು ಡಾಲರಿಗೆ ಚಿಲ್ಲರೆ ಕೊಡುವ ಅಂಗಡಿಯವನ ಗತಿ ಏನಾಯಿತೋ. ನಮ್ಮ ಅಣ್ಣನಾಗಿದ್ದರೆ ಉಳಿದದ್ದಕ್ಕೆ ಚಾಕಲೇಟು ಕೊಟ್ಟಿರುತ್ತಿದ್ದ.

ನಮ್ಮ ಸೀಮೆಯಲ್ಲಿ ನೋಟಿನ ಮೇಲೆ ಬರುವ ಯೋಗ್ಯತೆ ಇರುವವರು ಯಾರು ಎಂದು ಯೋಚಿಸಿದರೆ ತುಂಬ ದೂರ ಹೋಗಬೇಕಾಗಿಲ್ಲ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದಾರೆ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಗುಂಪು ಐದು ನಿಮಿಷಕ್ಕೂ ಮೀರಿ ಸಿಗದೆ ಓಡಿತು, ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂಬ ಗೌರವವೂ ಅವರಿಗೇ ಬಂತು. ಬೆನ್ನಟ್ಟುವವರು ಸರದಿ ಮೇಲೆ ಬದಲಾಗುತ್ತಲೇ ಇರುವಾಗ ಓಡುವವರು ಅಷ್ಟು ಹೊತ್ತು ಉಳಿಯುವುದು ಎಂದರೆ ಏನೆಂದು ತಿಳಿಯಬೇಕಾದರೆ ಮನೆಯ ಅಂಗಳದಲ್ಲಿ ಒಂದು ನಿಮಿಷ ಓಡಿ ನೋಡಿ. ನಾನು ಓಡಿ ನೋಡಿಲ್ಲ, ಮೊಣಕಾಲು ಬೇಡ ಎಂದಿದೆ.

ರಗ್ಬಿಯ ನಿಯಮ ವಿಚಿತ್ರ ಎಂದ ಅಣ್ಣನಿಗೆ ನಾನು ಖೋ ಖೋ ಜ್ಞಾಪಿಸಿದೆ. ಬೆನ್ನಟ್ಟುವವಳು ಒಮ್ಮೆ ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ತಿರುಗುವ ಹಾಗಿಲ್ಲ, ನಡುಗೆರೆ ದಾಟುವ ಹಾಗಿಲ್ಲ. ತನ್ನಿಂದ ಆಗದಿದ್ದರೆ ಕೂತವಳ ಬೆನ್ನ ಹಿಂದಿನಿಂದ ಬಂದು ಮುಟ್ಟಿ, ಕೂಗಿ, ಜಾಗ ಬಿಟ್ಟುಕೊಟ್ಟು ಕೂರಬೇಕು. ಅಲ್ಲಿಯೂ ಕೆಲಸ ಮುಂದೆ ಸಾಗುವುದು ಇನ್ನೊಬ್ಬರಿಗೆ ದಾಟಿಸಿದಾಗಲೇ. ಅಣ್ಣ ಶಾಲೆಯಲ್ಲಿ ಖೋ ಖೋ ಆಡಿದವನಂತೆ. "ಅದು ಸರಿ ಸಾ, ಅದ್ರಾಗ ಯಾರೂ ಸೊಂಟ ಮುರಿಯದಿಲ್ವಲ್ಲ" ಎಂದು ವಾದ ಮುಗಿಸಿದ.

ಲೀಗು ಮುಗಿದ ಮೇಲಿನ ಭಾನುವಾರ ಒಡಿಶಾದ ಹುಡುಗ ಜೊತೆಯವರನ್ನು ಕಟ್ಟಿಕೊಂಡು ಹತ್ತಿರದ ಒಂದು ಶಾಲೆಯ ಮೈದಾನಕ್ಕೆ ಹೋದ. ರಗ್ಬಿ ಚೆಂಡು ಇಲ್ಲದೆ ವಾಲಿಬಾಲನ್ನೇ ಕಂಕುಳಲ್ಲಿ ಹಿಡಿದರು. ಊರಿನ ನಾಲ್ಕು ಹೈಸ್ಕೂಲು ಹುಡುಗರೂ ಸೇರಿ ಏಳೇಳು ಜನವಾಯಿತು. ಎರಡು ಸಲ ಸೊಂಟ ಹಿಡಿದು ಬೀಳಿಸಿಕೊಂಡ ಮೇಲೆ ನಮ್ಮ ಹುಡುಗರಿಗೆ ಹಿಂದಕ್ಕೆ ಎಸೆಯುವುದರ ಪ್ರಯೋಜನ ತಾನಾಗಿಯೇ ತಿಳಿಯಿತು. ಅವರಲ್ಲಿ ಒಬ್ಬ, ಕಬಡ್ಡಿ ಆಡುವವನು, ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ಚಿಮ್ಮಿ ಮೂವರನ್ನು ದಾಟಿ ಓಡಿದ. ಗೆರೆಗೆ ಇನ್ನು ಆರು ಮಾರು. ಅಲ್ಲಿ ಹಿಂದಿನ ವಾರ ಯಾವುದೋ ಮದುವೆಗೆ ಶಾಮಿಯಾನ ಹಾಕಿದ್ದ ಗೂಟದ ಗುಂಡಿಯಲ್ಲಿ ಕಾಲು ಸಿಕ್ಕಿ, ಪಾದ ತಿರುಚಿ, ಮೂರು ವಾರ ಶಾಲೆಗೆ ಕುಂಟುತ್ತ ಹೋದ.

ಆದ್ದರಿಂದ ನಂಜನಗೂಡು, ನರಸೀಪುರ ತಾಲ್ಲೂಕುಗಳ ಸಮಸ್ತ ಬಂಧುಗಳಲ್ಲಿ, ವಿಶೇಷವಾಗಿ ಶಾಮಿಯಾನದವರಲ್ಲಿ, ನನ್ನದೊಂದು ವಿನಂತಿ. ಮದುವೆ ಚೆನ್ನಾಗಿ ಮಾಡಿ, ಮೈದಾನದಲ್ಲೇ ಮಾಡಿ, ಊಟಕ್ಕೆ ನನ್ನನ್ನೂ ಕರೆಯಿರಿ. ಗೂಟ ಕಿತ್ತ ಮೇಲೆ ಗುಂಡಿ ಮುಚ್ಚಿ ಹೋಗಿ.