ಅವಳಿ ಸರ್ವರ್‌ಗಳ ಭೇದಾಭೇದ ವಿಚಾರ

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಎರಡು ಸರ್ವರ್‌ಗಳು. ಮಿತಿ, ಅಧ್ಯಯನಕಾರನ ತಾಳ್ಮೆ.

ಮೊದಲು ಪೂರ್ವಪಕ್ಷ. ‘ಎರಡೂ ಸರ್ವರ್ ಒಂದೇ’ ಎಂಬುದು ಇನ್‌ಫ್ರಾ ವಿಭಾಗದ ಮಹಾವಾಕ್ಯ. ಇದಕ್ಕೆ ಶಬ್ದವೊಂದೇ ಪ್ರಮಾಣ. ಪ್ರತ್ಯಕ್ಷಕ್ಕೆ ಅಲ್ಲಿ ಪ್ರವೇಶವಿಲ್ಲ. ಈ ಅದ್ವೈತಕ್ಕೆ ಬಾಧಕವಾಗಿ ನಿಲ್ಲುವುದು ಡಬ್ಲ್ಯೂಎಸ್‌ಡಿಎಲ್ ಎಂಬ ಎಕ್ಸ್‌ಎಂಎಲ್ ಗ್ರಂಥ. ವೆಬ್ ಸರ್ವಿಸ್ ಏನು ಕೇಳುತ್ತದೆ, ಏನು ಕೊಡುತ್ತದೆ, ಎಲ್ಲಿ ಸಿಗುತ್ತದೆ ಎಂದು ಸಾರುವ ಕಡತವಿದು. ಅರಿಬಾ, ಐಬಿಎಂ, ಮೈಕ್ರೋಸಾಫ್ಟ್ ಸಲ್ಲಿಸಿದ ಇದರ 1.1ನೇ ಆವೃತ್ತಿಯನ್ನು ಡಬ್ಲ್ಯೂ3ಸಿ 2001ರಲ್ಲಿ ಬರೀ ‘ಟಿಪ್ಪಣಿ’ಯಾಗಿ ಪ್ರಕಟಿಸಿತು. ಶಿಫಾರಸಿನ ಪಟ್ಟ ಸಿಕ್ಕಿದ್ದು 2007ರಲ್ಲಿ, 2.0ಕ್ಕೆ. ಜಗತ್ತು ಮಾತ್ರ ಟಿಪ್ಪಣಿಯ ಪಾರಾಯಣವನ್ನೇ ಮುಂದುವರಿಸಿತು.

ಲೋಡ್ ಬ್ಯಾಲೆನ್ಸರ್‌ನ ಹಿಂದೆ ಕೂತ ಅವಳಿಗಳು ಒಂದೇ ಗ್ರಂಥವನ್ನು ಎರಡು ಪಾಠಾಂತರಗಳಲ್ಲಿ ಒಪ್ಪಿಸಿದಾಗ ಕಾಣುವ ಭೇದ ಐದು ವಿಧ. ಮಧ್ವಾಚಾರ್ಯರೇ ಐದಕ್ಕೆ ನಿಲ್ಲಿಸಿರುವಾಗ ಆರನೆಯದನ್ನು ಹುಡುಕುವ ಧೈರ್ಯ ನಮಗಿಲ್ಲ.

ಒಂದು, ಸ್ಥಾನಭೇದ. ಈ ಕಡತವನ್ನು ಕೈಯಾರೆ ಬರೆಯುವವರು ಕಡಿಮೆ. ಕೇಳಿದಾಗ ಸರ್ವರೇ ಹೆಣೆದು, ವಿಳಾಸದ ಜಾಗದಲ್ಲಿ ತನಗೆ ಗೊತ್ತಿರುವ ಹೆಸರು ತುಂಬುತ್ತದೆ. ಒಂದು ಮರ್ಯಾದೆಯಿಂದ ಹೊರಗಿನ ವಿಳಾಸ ಕೊಟ್ಟರೆ, ಇನ್ನೊಂದು ಒಳಮನೆಯ ಹೆಸರನ್ನು ಪೋರ್ಟ್ 8080ರ ಸಮೇತ ಬೀದಿಗೆ ಹೇಳುತ್ತದೆ. ಎರಡು, ಕ್ರಮಭೇದ. ಕಡತ ಹೆಣೆಯುವಾಗ ಸರ್ವರ್ ನೆಚ್ಚುವ ರಿಫ್ಲೆಕ್ಷನ್ ಕೊಡುವ ಮೆಥಡ್‌ಗಳ ಪಟ್ಟಿಗೆ ಯಾವ ಕ್ರಮವೂ ಇಲ್ಲವೆಂದು ಜಾವಾದ ಕೈಪಿಡಿಯೇ ಕೈತೊಳೆದುಕೊಂಡಿದೆ. ಬರೆದ ಕ್ರಮದಲ್ಲೇ ಬರುತ್ತದೆಂದು ನಂಬಿದ್ದವರಿಗೆ ಜಾವಾ 7 ಬುದ್ಧಿ ಕಲಿಸಿತು. ಆಪರೇಷನ್‌ಗಳು ಹಿಂದುಮುಂದಾದರೆ ಅರ್ಥಕ್ಕೆ ಚ್ಯುತಿಯಿಲ್ಲ. ಆದರೆ ಡಿಫ್ ತೆರೆ ಪೂರ್ತಿ ಕೆಂಪಾಗಿ, ನಿಜವಾದ ತಪ್ಪು ಅದರಡಿ ಹೂತುಹೋಗುತ್ತದೆ. ಮೂರು, ಕಾಲಭೇದ. ಪಿಎಚ್‌ಪಿ ಕ್ಲೈಂಟ್ ಒಮ್ಮೆ ಓದಿದ್ದನ್ನು, ಬೇರೆ ಹೇಳದಿದ್ದರೆ, 86400 ಸೆಕೆಂಡು ಕ್ಯಾಶ್‌ನಲ್ಲಿ ಕಾಪಿಡುತ್ತದೆ. ಅಂದರೆ ಒಂದು ಸರ್ವರ್‌ನ ಪಾಠವನ್ನು ಬಾಯಿಪಾಠ ಮಾಡಿ ಇಡೀ ದಿನ ಇನ್ನೊಂದರ ಮುಂದೆ ಒಪ್ಪಿಸಿ ಬೈಸಿಕೊಳ್ಳುತ್ತದೆ.

ನಾಲ್ಕು, ಐದು ಬೇಡ ಬಿಡಿ. ಯಾರೋ ಒಂದು ಸರ್ವರ್‌ಗೆ ಪ್ಯಾಚ್ ಹಾಕಿದರು, ಇನ್ನೊಂದನ್ನು ಮರೆತರು. ಹಳೆಯ ಜಾರ್ ಅಲ್ಲೇ ಉಳಿಯಿತು. ಇಷ್ಟೇ ರೀ! ಬ್ಯಾಲೆನ್ಸರ್ ದಾಟಿ ಎರಡೂ ಕಡೆಯಿಂದ ನೇರವಾಗಿ ಕಡತ ಇಳಿಸಿ, ಅದು ಇಂಪೋರ್ಟ್ ಮಾಡುವ ಸ್ಕೀಮಾಗಳನ್ನೂ ಇಳಿಸಿ, ಜಾರ್‌ಗಳ ಚೆಕ್‌ಸಮ್ ಹೋಲಿಸಿ ನೋಡಿದರೆ ಬಹುಪಾಲು ಸಿಕ್ಕಿಬೀಳುತ್ತದೆ. ಅದನ್ನು ಬಿಟ್ಟು ಬ್ರಿಡ್ಜ್ ಕಾಲ್ ಕರೆಯುತ್ತಾರೆ. ಹಿರಿಯರು ಒಬ್ಬೊಬ್ಬರಾಗಿ ‘ನಮ್ಮ ಕಡೆ ಏನೂ ಬದಲಾಗಿಲ್ಲ’ ಎಂದು ಮ್ಯೂಟ್ ಆಗುತ್ತಾರೆ. ರಾತ್ರಿಯೆಲ್ಲ ಕೂತು ರೂಟ್ ಕಾಸ್ ಬರೆಯುವವಳು ತಂಡಕ್ಕೆ ಮೊನ್ನೆ ಮೊನ್ನೆ ಸೇರಿದ ಹುಡುಗಿ. ಬೆಳಿಗ್ಗೆ ನೋಡಿದರೆ ‘ಹ್ಯೂಮನ್ ಎರರ್’ ಎಂಬ ಕಾಲಮ್ಮಿನಲ್ಲಿ ಇರುವ ಒಂದೇ ಮನುಷ್ಯ ಹೆಸರು ಅವಳದು. ಆ ಎರಡನೇ ಸರ್ವರ್‌ಗೆ ಅವಳಿಗೆ ಲಾಗಿನ್ನೇ ಕೊಟ್ಟಿರಲಿಲ್ಲ ಎಂದು ಬರೆಯಲು ಆ ಫಾರ್ಮಿನಲ್ಲಿ ಜಾಗವಿಲ್ಲ.