‘ಲೂಸಿಯಾ’ ಚಿತ್ರದ ಹಾನಗಲ್ಲು ಮೂಲ: ಒಂದು ಸಂಶೋಧನೆ

ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ 2013ರ ಸೆಪ್ಟೆಂಬರ್ 6ರಂದು ತೆರೆಕಂಡಿತು. ಅದರ ಬೇರನ್ನು ಪಂಡಿತರು ಹಾಲಿವುಡ್ಡಿನಲ್ಲಿ ಅಗೆದು ನೋಡಿದರು, ಚೀನಾದ ತತ್ವಜ್ಞಾನಿ ಚುವಾಂಗ್ ತ್ಸು ಕನಸಿನಲ್ಲಿ ತಾನೇ ಆಗಿದ್ದ ಚಿಟ್ಟೆಯ ರೆಕ್ಕೆಯನ್ನೂ ಎತ್ತಿ ನೋಡಿದರು. ಹಾವೇರಿ ಜಿಲ್ಲೆಯ ಕಡೆಗೆ ಮಾತ್ರ ಯಾರೂ ತಲೆ ಹಾಕಲಿಲ್ಲ. ಸರ್ವಜ್ಞ ಅಬಲೂರಿನವನೋ ಮಾಸೂರಿನವನೋ ಎಂದು ಜಗಳಾಡಿ ಪಳಗಿದ ಸೀಮೆ ನಮ್ಮದು. ಇಂಥ ಅವಮಾನವನ್ನು ನುಂಗಿಕೊಂಡು ಕೂಡ್ರುವುದು ಹೇಗೆ? ಹೀಗಾಗಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪರವಾಗಿ ಈ ಕೈಫಿಯತ್ತು.

ಮೊದಲು ಕಥಾಸಾರ. ನಿಕ್ಕಿ ಎಂಬವನು ಹಳೆಯ ಟಾಕೀಸಿನ ಕತ್ತಲಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವವನು. ಅವನಿಗೆ ನಿದ್ದೆ ಬಾರದು. ಲೂಸಿಯಾ ಎಂಬ ಗುಳಿಗೆ ನುಂಗುತ್ತಾನೆ, ಕನಸಿನಲ್ಲಿ ದೊಡ್ಡ ನಟನಾಗಿ ಮೆರೆಯುತ್ತಾನೆ. ಒಂದು ಬಾಳು ಬಣ್ಣದಲ್ಲಿ, ಇನ್ನೊಂದು ಕಪ್ಪು-ಬಿಳುಪಿನಲ್ಲಿ. ಕೊನೆಗೆ ನೋಡಿದರೆ ನಟನೇ ನಿಜ, ಬ್ಯಾಟರಿಯವನೇ ಕನಸು. (ಚಿತ್ರ ನೋಡದವರು ಈ ವಾಕ್ಯವನ್ನು ಕನಸಿನಲ್ಲಿ ಓದಿದೆವೆಂದು ಬಗೆದು ಮರೆಯತಕ್ಕದ್ದು.)

ಪ್ರಧಾನ ಪ್ರಮಾಣ ಹಾನಗಲ್ಲಿನದು. ಶಾಸನಗಳಲ್ಲಿ ಇದಕ್ಕೆ ಪಾನುಂಗಲ್ಲು, ವಿರಾಟನಕೋಟೆ ಎಂಬ ಹೆಸರುಗಳಿವೆ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರಿ ಇದೇ ಎಂಬುದು ಊರವರ ನಂಬಿಕೆ. ಸಾಕ್ಷಿಗೆ ಕುಂತಿ ದಿಬ್ಬವಿದೆ. ಕುಂತಿ ಅಜ್ಞಾತವಾಸಕ್ಕೆ ಹೋಗಲೇ ಇಲ್ಲ, ವಿದುರನ ಮನೆಯಲ್ಲಿ ಉಳಿದಳು ಎಂದು ಮಹಾಭಾರತದಲ್ಲಿದೆಯಲ್ಲ ಎನ್ನಬಹುದು. ಅದು ವ್ಯಾಸರ ಪಾಠಾಂತರ. ದಿಬ್ಬ ಕಣ್ಣೆದುರಿಗಿದೆ.

ಇನ್ನು ತೌಲನಿಕ ಅಧ್ಯಯನ. ಭೀಮ ವಲಲನಾಗಿ ಒಲೆ ಊದಿದ, ಅರ್ಜುನ ಬೃಹನ್ನಳೆಯಾಗಿ ಕುಣಿತ ಕಲಿಸಿದ. ದೇಹ ಒಂದೇ, ಬಾಳು ಎರಡು. ಅದರಲ್ಲೂ ಕೀಚಕನ ಪ್ರಕರಣವನ್ನು ನಿಧಾನವಾಗಿ ನೋಡಬೇಕು. ರಾತ್ರಿ ಹೊತ್ತು, ನಾಟ್ಯಶಾಲೆ, ಗವ್ವೆನ್ನುವ ಕತ್ತಲು. ಗಂಧ ಪೂಸಿಕೊಂಡು ಬಂದ ಕೀಚಕ ತಡವರಿಸುತ್ತ ಹೋಗಿ ಕೂತದ್ದು ದ್ರೌಪದಿಯ ಪಕ್ಕದಲ್ಲಲ್ಲ, ಭೀಮನ ಪಕ್ಕದಲ್ಲಿ. ಕೈಗೆ ತಾಕಿದ ತೋಳು ಒರಟಾಗಿದ್ದರೂ ಅವನ ಕನಸು ಹರಿಯಲಿಲ್ಲ. ಹರಿಯುವ ಹೊತ್ತಿಗೆ ಅವನೇ ಉಳಿದಿರಲಿಲ್ಲ. ಬಾಗಿಲಲ್ಲಿ ಒಬ್ಬ ನಿಕ್ಕಿ ಇದ್ದಿದ್ದರೆ, ‘ಆ ಸೀಟು ಭರ್ತಿ ಆಗೇತ್ರೀ ಸರ, ಈ ಕಡೆ ಬರ್ರಿ’ ಎಂದು ಬ್ಯಾಟರಿ ಬಿಟ್ಟು ಒಂದು ಜೀವ ಉಳಿಸುತ್ತಿದ್ದ. ಟಾಕೀಸುಗಳಲ್ಲಿ ಬ್ಯಾಟರಿಯವನನ್ನು ನೇಮಿಸಿಕೊಳ್ಳುವ ಪದ್ಧತಿ ಈ ದುರಂತದಿಂದಲೇ ಹುಟ್ಟಿತೆಂದು ನಾವು ಸಿದ್ಧಾಂತಪಡಿಸುತ್ತೇವೆ.

ಶಿಗ್ಗಾಂವಿ ತಾಲೂಕಿನ ಬಾಡದ ತಿಮ್ಮಪ್ಪ ನಾಯಕನಿಗೆ ಆದಿಕೇಶವ ಕನಸಿನಲ್ಲಿ ಬಂದು ದಾಸನಾಗು ಎಂದನಂತೆ. ನಾಯಕ ಕೇಳಲಿಲ್ಲ. ರಣರಂಗದಲ್ಲಿ ಗಾಯಗೊಂಡು ಬಿದ್ದ ಮೇಲೆ ಕೇಳಿ, ಕನಕದಾಸನಾದ. ಗುಳಿಗೆಯ ಖರ್ಚಿಲ್ಲದೆ ಕನಸೇ ಗೆದ್ದ ಪ್ರಸಂಗವಿದು. ಅದೇ ತಾಲೂಕಿನ ಶಿಶುನಾಳದ ಶರೀಫರು 1889ರಲ್ಲಿ ತೀರಿಕೊಂಡರು. ಇಂದು ಅವರನ್ನು ನೆನೆದರೆ ಕಣ್ಣಿಗೆ ಕಟ್ಟುವುದು ನಾಗಾಭರಣರ 1990ರ ಚಿತ್ರದ ಶ್ರೀಧರ್ ಮುಖ, ಕಿವಿಯಲ್ಲಿ ಮೊಳಗುವುದು ಸಿ. ಅಶ್ವತ್ಥ್ ಕಂಠ. ಸಾಕ್ಷಾತ್ ಶರೀಫರೇ ಬಂದು ನಿಂತರೂ ನಮ್ಮವರು ‘ಯಾರ್ ಬೇಕಾಗಿತ್ರೀ?’ ಎಂದಾರು.

ಗುಳಿಗೆಯ ಮೂಲ ಸವಣೂರು. ಊಟದ ಮೇಲೆ ಸವಣೂರಿನ ಎಲೆ ಹಾಕಿಕೊಂಡು ಕಣ್ಣು ಮುಚ್ಚಿದವನಿಗೆ ಆಫ್ರಿಕ ಕಾಣುತ್ತದೆ. ಕಣ್ಣು ತೆರೆದರೂ ಆಫ್ರಿಕವೇ, ಏಕೆಂದರೆ ದೊಡ್ಡಹುಣಸೆ ಮಠದ ಮೂರು ಬಾವೊಬಾಬ್ ಮರಗಳು ಅಲ್ಲಿನ ಜಾತಿಯವು. ಪೂರ್ತಿ ಎಚ್ಚರಾಗಲು ಒಂದು ಮುಷ್ಟಿ ಸವಣೂರು ಖಾರಾ ಸಾಕು.

ಹಿರೇಕೆರೂರಿನ ಬಿ.ಸಿ. ಪಾಟೀಲರು ಪೊಲೀಸ್ ಅಧಿಕಾರಿಯಾಗಿದ್ದವರು, ನಟರಾದರು. 1998ರ ‘ಕೌರವ’ ಚಿತ್ರದ ಹೆಸರು ಅವರಿಗೇ ಅಂಟಿಕೊಂಡಿತು. 2004ರಲ್ಲಿ ಶಾಸಕರು, 2020ರಲ್ಲಿ ಕೃಷಿ ಮಂತ್ರಿ. ಪಾಂಡವರು ಅಡಗಿದ್ದ ಜಿಲ್ಲೆಯಿಂದಲೇ ಕೌರವ ವಿಧಾನಸಭೆಗೆ ಹೋದದ್ದು ಕಾಕತಾಳೀಯ ಎನ್ನುವವರಿಗೆ ಸಂಶೋಧನೆ ಒಗ್ಗುವುದಿಲ್ಲ. ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ರೆ, ತುರೀಯ ಎಂದು ನಾಲ್ಕು ಹೇಳುತ್ತದೆ, ತಾಲೂಕುಗಳೂ ನಾಲ್ಕು. ಲೆಕ್ಕ ತಾಳೆಯಾದ ಮೇಲೆ ಪುರಾವೆ ಕೇಳುವುದು ಶೋಭಿಸದು.

ಪೂರ್ವಪಕ್ಷ ಒಂದಿದೆ: ನಿದ್ದೆಗೆಟ್ಟ ನಿಕ್ಕಿ ಇಲ್ಲೆಲ್ಲಿ? ಪ್ರತಿ ಹೊಲದಲ್ಲೂ ಇದ್ದಾನೆ. ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿಗೆ ಬಿದ್ದಾಗ ರೈತ ಬ್ಯಾಟರಿ ಹಿಡಿದು, ಹಾವು ಹುಳ ನೋಡಿಕೊಳ್ಳುತ್ತ, ಗೋವಿನಜೋಳಕ್ಕೆ ನೀರು ಬಿಡಲು ಹೋಗುತ್ತಾನೆ. ಸಲಿಕೆಯಿಂದ ನೀರು ತಿರುವುವಷ್ಟರಲ್ಲಿ ಕರೆಂಟು ಹೋಗುತ್ತದೆ. ಈಗ ಬಂದೀತು, ಆಗ ಬಂದೀತು ಎಂದು ಬದುವಿನ ಮೇಲೆ ತೂಕಡಿಸುತ್ತಾನೆ. ಮುಂದಿನದು ಹಿರೇಕೆರೂರು ಕಡೆಯ ರೈತನೊಬ್ಬನ ಹೇಳಿಕೆ ಎಂದು ಭಾವಿಸಿರಿ: ‘ಮೋಟರ್ ಚಾಲೂ ಆತಂತ ಎದ್ದೆ, ನೋಡಿದ್ರ ಕನಸು. ಮತ್ತ ಸಪ್ಪಳ ಕೇಳ್ತು, ಕನಸಂತ ಮಕ್ಕೊಂಡೆ. ಎದ್ದು ನೋಡ್ತೀನಿ, ನೀರ ಜಗ್ಗಿ ಬದು ಒಡದು ಹೋಗಿತ್ರೀ.’ ಇಷ್ಟು ಬಿಗಿಯಾದ ಚಿತ್ರಕಥೆ ಬೆಂಗಳೂರಿನಲ್ಲಿ ಸಿಗುವುದಿಲ್ಲ.

ಪವನ್ ಕುಮಾರ್ ತಮ್ಮ ಚಿತ್ರಕ್ಕೆ 27 ದಿನಗಳಲ್ಲಿ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದ್ದರು. ಕಥೆ ನಮ್ಮದಾದ್ದರಿಂದ 111ನೆಯ ನಿರ್ಮಾಪಕರು ಈ ನಾಲ್ಕು ತಾಲೂಕಿನವರು. ಆದರೂ ಲಾಭದಲ್ಲಿ ಪಾಲು ಬೇಡ, ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಬಂದ ಪ್ರೇಕ್ಷಕರ ಪ್ರಶಸ್ತಿಯೂ ಬೇಡ. ಸಂಬಂಧಪಟ್ಟವರು ತ್ರೀ ಫೇಸ್ ಕರೆಂಟನ್ನು ಹಗಲು ಹೊತ್ತಿನಲ್ಲಿ ಕೊಡಬೇಕೆಂದು ವಿನಂತಿ.